ಲಾವೋಸ್ ಗದ್ದೆಗಳಲ್ಲಿ ಮುಗಿಯದ ಯುದ್ಧ

1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿದವು. ಆ ದೇಶದ ಮೇಲೆ ಅಮೆರಿಕ ಯುದ್ಧವನ್ನೇ ಸಾರಿರಲಿಲ್ಲ. ಉತ್ತರ ವಿಯೆಟ್ನಾಂ ಸೇನೆಯ ಸಾಗಾಟದ ದಾರಿಯಾಗಿದ್ದ ಹೊ ಚಿ ಮಿನ್ ಹಾದಿಯನ್ನು ಕಡಿಯಲೆಂದು ನಡೆಸಿದ ಈ ದಾಳಿಯನ್ನು ವರ್ಷಗಟ್ಟಲೆ ತನ್ನ ಜನರಿಂದಲೇ ಬಚ್ಚಿಟ್ಟಿತ್ತು.

ಹೀಗೆ ಸುರಿದವುಗಳಲ್ಲಿ ಕ್ಲಸ್ಟರ್ ಬಾಂಬ್‌ಗಳೂ ಇದ್ದವು. ಕ್ಲಸ್ಟರ್ ಬಾಂಬ್ ಆಕಾಶದಲ್ಲೇ ಬಿಚ್ಚಿಕೊಂಡು ನೂರಾರು ಮರಿಬಾಂಬುಗಳನ್ನು ಚೆಲ್ಲುತ್ತದೆ. ಟೆನಿಸ್ ಚೆಂಡಿನಷ್ಟಿರುವ ಇವನ್ನು ಅಲ್ಲಿನವರು ‘ಬಾಂಬಿ’ ಎನ್ನುತ್ತಾರೆ. ಬಿದ್ದದ್ದು ಸುಮಾರು 27 ಕೋಟಿ. ಅವುಗಳಲ್ಲಿ ಶೇ 30ರಷ್ಟು ಸಿಡಿಯಲೇ ಇಲ್ಲ ಎಂಬ ಅಂದಾಜಿದೆ. ಗುದ್ದಲಿ ತಾಗಿದರೆ, ಹೊಲದಲ್ಲಿ ಬೆಂಕಿ ಹಾಕಿದರೆ, ಮಕ್ಕಳು ಚೆಂಡೆಂದು ಎತ್ತಿಕೊಂಡರೆ ಅವು ಇಂದಿಗೂ ಸಿಡಿಯುತ್ತವೆ. ಯುದ್ಧ ನಿಂತ ಮೇಲೂ ಸತ್ತವರು, ಗಾಯಗೊಂಡವರು ಸಾವಿರಾರು.

2016ರಲ್ಲಿ ಲಾವೋಸ್‌ಗೆ ಬಂದ ಆಗಿನ ಅಮೆರಿಕ ಅಧ್ಯಕ್ಷ ಬರಾಕ್ ಒಬಾಮ, ಸಿಡಿಯದ ಬಾಂಬ್‌ಗಳನ್ನು ತೆರವುಗೊಳಿಸಲು ಮೂರು ವರ್ಷಕ್ಕೆ 9 ಕೋಟಿ ಡಾಲರ್ ಘೋಷಿಸಿದರು. ನೈತಿಕ ಹೊಣೆಯನ್ನೂ ಒಪ್ಪಿಕೊಂಡರು.

ಆದರೆ ಕ್ಲಸ್ಟರ್ ಬಾಂಬ್ ನಿಷೇಧಿಸುವ 2008ರ ಒಪ್ಪಂದಕ್ಕೆ ಅಮೆರಿಕ ಸೇರಿಲ್ಲ. 2023ರಲ್ಲಿ ಅದೇ ಬಗೆಯ ಅಸ್ತ್ರವನ್ನು ಉಕ್ರೇನ್‌ಗೆ ಕಳಿಸಿತು. ಉಕ್ರೇನ್ ಮೇಲಿನ ಯುದ್ಧದಲ್ಲಿ ರಷ್ಯಾ ಇಂಥ ಬಾಂಬ್ ಬಳಸಿದ್ದು ನಿಜ. ಹಾಗೆಂದು ಉಕ್ರೇನ್ ರೈತರ ಹೊಲಗಳಲ್ಲಿ ಇನ್ನಷ್ಟು ಬಿತ್ತುವುದು ಸರಿಯಾಗದು. ಲಾವೋಸ್ ನೆಲ ಪೂರ್ತಿ ಸುರಕ್ಷಿತವಾಗುವವರೆಗೂ ಬಾಂಬ್ ತೆರವಿನ ವೆಚ್ಚವನ್ನು ಅಮೆರಿಕವೇ ಭರಿಸಬೇಕು. ಸಹಿ ಹಾಕದ ದೇಶಗಳಲ್ಲಿ ಒಂದಾದ ಭಾರತವೂ ಈ ಒಪ್ಪಂದವನ್ನು ಸೇರಬೇಕು.