‘ಸಮುದಾಯ’ ಎಂದರೆ ಯಾರ ಹೆಗಲು?

ಸಂಘದ ಗೆಳತಿಯರೇ,

ಗಂಡನ ಮನೆಯಿಂದ ತವರಿಗೆ ಅಟ್ಟಿಸಿಕೊಂಡು ಬಂದು ಹಿತ್ತಿಲ ಕೋಣೆಯಲ್ಲಿ ಕುಳಿತಿರುವ ಹೆಣ್ಣುಮಗಳು ನಿಮ್ಮ ಬೀದಿಯಲ್ಲಿ ಇಲ್ಲವೇ? ‘ಅದಕ್ಕೆ ತಲೆ ಸರಿಯಿಲ್ಲ’ ಎಂದು ಊರು ಮಾತು ಮುಗಿಸಿರುವ ಹೆಣ್ಣು? ಇದ್ದಾಳೆ. ನಿಮ್ಮ ಸಂಘದ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇದೆಯೇ?

ನಾನು ಕಾಲೇಜಿನಲ್ಲಿ ಪಾಠ ಹೇಳಿದ ಹುಡುಗಿಯೊಬ್ಬಳ ಕಥೆ ಹೇಳುತ್ತೇನೆ. ಹೆಸರು ಬೇಡ. ವರದಕ್ಷಿಣೆ ಕೊಟ್ಟೇ ಮದುವೆಯಾಯಿತು. ಎರಡನೆಯ ಹೆರಿಗೆಯ ನಂತರ ಅವಳಿಗೆ ಇಲ್ಲದ ದನಿಗಳು ಕೇಳತೊಡಗಿದವು. ಮೊದಲೇ ಮೂರ್ಛೆರೋಗವಿತ್ತು. ಗಂಡನ ಮನೆಯವರು ಆಸ್ಪತ್ರೆಗೆ ತೋರಿಸಲಿಲ್ಲ, ಹೊಡೆದರು. ‘ಹುಚ್ಚಿಯನ್ನು ಕಟ್ಟಿ ಮೋಸ ಮಾಡಿದಿರಿ, ಇಟ್ಟುಕೊಳ್ಳಬೇಕಾದರೆ ಇನ್ನಷ್ಟು ಕೊಡಿ’ ಎಂದರು. ರೋಗವೂ ವರದಕ್ಷಿಣೆಯ ಚೌಕಾಸಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಮಕ್ಕಳಿಬ್ಬರನ್ನೂ ಅಲ್ಲೇ ಇಟ್ಟುಕೊಂಡು ಇವಳನ್ನು ಬಸ್ಸು ಹತ್ತಿಸಿದರು.

ಅವಳನ್ನು ಕರೆದುಕೊಂಡು ನಾನು ಅಲೆದೆ. ಪೊಲೀಸರು ‘ತಲೆ ಕೆಟ್ಟವಳ ದೂರು ಹೇಗೆ ಬರೆದುಕೊಳ್ಳೋದು ಮೇಡಂ’ ಎಂದರು. ಆಶ್ರಯಧಾಮದಲ್ಲಿ ಮಾನಸಿಕ ರೋಗ ಇಲ್ಲವೆಂಬ ಸರ್ಟಿಫಿಕೇಟು ಕೇಳಿದರು. ಆಸ್ಪತ್ರೆಯವರು ಜೊತೆಗಿರಲು ಸಂಬಂಧಿಕರು ಬೇಕೆಂದರು. ಇನ್ನು ಸಾಂತ್ವನ ಹೇಳುವ ಕೇಂದ್ರ. ಅದನ್ನು ನಡೆಸುತ್ತಿದ್ದವರು ಹೊರಗಿನವರಲ್ಲ, ನಮ್ಮ ಮಹಿಳಾ ಚಳವಳಿಯ ಗೆಳತಿಯರೇ. ‘ಮೊದಲು ಕಾಯಿಲೆ ವಾಸಿಯಾಗಲಿ, ಆಮೇಲೆ ಹಿಂಸೆಯ ಕೇಸು ನೋಡೋಣ’ ಎಂದು ಅಲ್ಲಿ ತೀರ್ಮಾನವಾಯಿತು. ಆ ಸಭೆಯಲ್ಲಿ ನಾನೂ ಇದ್ದೆ. ತಲೆಯಾಡಿಸಿದೆ. ಅದಕ್ಕಾಗಿ ಇಂದಿಗೂ ನಾಚಿಕೆಯಿದೆ.

ಯಾಕೆಂದರೆ ಹಿಂಸೆ ನಿಲ್ಲದೆ ಕಾಯಿಲೆ ಹೇಗೆ ವಾಸಿಯಾಗುತ್ತದೆ? ಮಕ್ಕಳನ್ನು ಕಳೆದುಕೊಂಡವಳಿಗೆ ನಿದ್ದೆ ಬರುತ್ತದೆಯೇ? ಕೈಯಲ್ಲಿ ಕಾಸಿಲ್ಲದವಳು ಮಾತ್ರೆಗೆ ಹೇಗೆ ಹೋಗುತ್ತಾಳೆ? ಅವಳ ಕಷ್ಟ ಒಂದೇ ಗಂಟು. ಇಲಾಖೆಗಳು ಅದನ್ನು ಹರಿದು ತಲೆಗೊಂದು ಎಳೆ ಹಂಚಿಕೊಂಡವು. ಗಂಟು ಮಾತ್ರ ಯಾರ ಕೈಗೂ ಬರಲಿಲ್ಲ. ಒಂದೇ ತೊಂದರೆ ಇರುವವರಿಗೆ ಒಂದು ಬಾಗಿಲಾದರೂ ತೆರೆದೀತು, ನಾಲ್ಕಿರುವವರಿಗೆ ನಾಲ್ಕೂ ಮುಚ್ಚುತ್ತವೆ.

ಕಾನೂನು ಇಲ್ಲವೇ? ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೆಯ ಕಲಮು, ಮನೋರೋಗಿಗೂ ಸಮಾಜದ ನಡುವೆ ಬದುಕುವ ಹಕ್ಕಿದೆ ಎನ್ನುತ್ತದೆ. ಮನೆಯವರು ಬೇಡವೆಂದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಬಿಡುವಂತಿಲ್ಲ. ಅಂಥವರಿಗೆ ಊರುಕೇರಿಯಲ್ಲೇ ಸಣ್ಣ ವಸತಿಗೃಹಗಳನ್ನು ಸರ್ಕಾರ ಏರ್ಪಡಿಸಬೇಕು. ಅಗತ್ಯ ಪಟ್ಟಿಯ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಸದಾ ಉಚಿತವಾಗಿ ಸಿಗಬೇಕು. ಸರಪಳಿ ಹಾಕುವುದು ನಿಷಿದ್ಧ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. ಆ ದುರಂತದಲ್ಲಿ ಸತ್ತವರು 28 ಮಂದಿ.

ವಿಚ್ಛೇದನದ ಬೆದರಿಕೆಯ ವಿಷಯವೂ ತಿಳಿದಿರಲಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಮನೋರೋಗ ವಿಚ್ಛೇದನಕ್ಕೆ ಒಂದು ಕಾರಣ, ನಿಜ. ಆದರೆ ರೋಗದ ಹೆಸರು ಹೇಳಿದರೆ ಸಾಲದು, ಒಟ್ಟಿಗೆ ಬಾಳಲಾಗದಷ್ಟು ಅದು ತೀವ್ರವೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಹೀಗಿದ್ದೂ ‘ಹುಚ್ಚಿ’ ಎಂಬ ಒಂದು ಮಾತಿಗೆ ಹೆದರಿ ಎಷ್ಟೋ ತಂದೆತಾಯಿಯರು ಬಿಳಿ ಹಾಳೆಗೆ ಸಹಿ ಹಾಕಿಕೊಡುತ್ತಾರೆ.

ಹಳ್ಳಿಯಲ್ಲಿ ಇದೆಲ್ಲ ಆಗದ ಮಾತು ಎನ್ನುವವರಿಗೆ ನಮ್ಮ ಬಳ್ಳಾರಿಯನ್ನು ತೋರಿಸಿ. 1980ರ ದಶಕದಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನೋರೋಗಕ್ಕೂ ಮೂರ್ಛೆಗೂ ಬೇಕಾದ ಕೆಲವೇ ಮಾತ್ರೆಗಳನ್ನು ಅಲ್ಲೇ ಸಿಗುವಂತೆ ಮಾಡಿತು. ಬೆಂಗಳೂರಿಗೆ ಓಡಬೇಕಿಲ್ಲ ಎಂದು ತೋರಿಸಿಕೊಟ್ಟ ಪ್ರಯೋಗ ಅದು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದಾರಿ ತೋರಿಸಿದ್ದು ನಮ್ಮ ನಾಡು, ಗೆಳತಿಯರೇ. ಹಾಗಿದ್ದೂ ನನ್ನ ವಿದ್ಯಾರ್ಥಿನಿಯ ತಾಯಿ ತಾಲೂಕು ಆಸ್ಪತ್ರೆಯ ಕಿಟಕಿಯಲ್ಲಿ ‘ಸ್ಟಾಕ್ ಇಲ್ಲ’ ಎನ್ನಿಸಿಕೊಂಡು, ಕೂಲಿ ಬಿಟ್ಟು ಜಿಲ್ಲಾ ಕೇಂದ್ರದ ಬಸ್ಸು ಹತ್ತುತ್ತಾಳೆ. ಎಪ್ಪತ್ತು ದಾಟಿದ ಹೆಂಗಸು. ಓದು ಬಾರದು. ನೀಲಿ ಹಾಳೆಯದು ಬೆಳಿಗ್ಗೆ, ಬೆಳ್ಳಿ ಹಾಳೆಯದು ರಾತ್ರಿ ಎಂದು ಗುರುತಿಟ್ಟುಕೊಂಡಿದ್ದಾಳೆ. ಒಮ್ಮೆ ಕಂಪನಿ ಬದಲಾಗಿ ಹಾಳೆಯ ಬಣ್ಣವೂ ಬದಲಾಯಿತು. ಮೂರು ದಿನ ಮಾತ್ರೆ ಅದಲುಬದಲಾಗಿ ಮಗಳಿಗೆ ಮೂರ್ಛೆ ಬಂದು ಒಲೆಯ ಪಕ್ಕ ಬಿದ್ದಳು. ತೋಳು ಸುಟ್ಟಿತು.

ನನ್ನ ಜಗಳ ಇರುವುದು ಇಲ್ಲೇ. ಆಳುವವರು ‘ಸಮುದಾಯದಲ್ಲೇ ಆರೈಕೆ’ ಎಂದು ವೇದಿಕೆ ಮೇಲೆ ಹೇಳುವಾಗ ಆ ‘ಸಮುದಾಯ’ ಅನ್ನುವುದನ್ನು ‘ತಾಯಿ’ ಎಂದು ಓದಿಕೊಳ್ಳಿ. ತಾಯಿ ಇಲ್ಲದಿದ್ದರೆ ಅಕ್ಕ, ಅವಳೂ ಇಲ್ಲದಿದ್ದರೆ ಆಶಾ ಕಾರ್ಯಕರ್ತೆ. ಅಷ್ಟೂ ಹೆಣ್ಣಿನ ಹೆಗಲು, ಸಂಬಳವಿಲ್ಲದ್ದು ಅಥವಾ ಗೌರವಧನದ್ದು. ಗಂಡಸಿಗೆ ಮನೋರೋಗ ಬಂದರೆ ಹೆಂಡತಿ ನೋಡಿಕೊಳ್ಳುತ್ತಾಳೆ. ಹೆಂಡತಿಗೆ ಬಂದರೆ ಅವಳನ್ನು ತವರಿಗೆ ಬಿಟ್ಟು ಬರುತ್ತಾರೆ. ಪುಕ್ಕಟೆ ಚಾಕರಿಯ ಮೇಲೆ ನಿಂತ ಈ ವ್ಯವಸ್ಥೆಗೆ ಆರೈಕೆ ಎಂಬ ಚೆಂದದ ಹೆಸರು ಬೇಡ. ‘ನಾನು ಹೋದ ಮೇಲೆ ಇವಳ ಮಾತ್ರೆ ಯಾರು ಕೊಡ್ತಾರೆ ಮೇಡಂ?’ ಎಂದು ಆ ತಾಯಿ ಕೇಳಿದಾಗ ನನ್ನ ಎಂ.ಎ. ಪದವಿಯಲ್ಲಿ ಉತ್ತರವಿರಲಿಲ್ಲ.

ಹಾಗಾಗಿ ಸಂಘಗಳೇ ಇವರನ್ನೆಲ್ಲ ನೋಡಿಕೊಳ್ಳಲಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸರ್ಕಾರದ ಕೆಲಸವನ್ನು ಮತ್ತೆ ನಿಮ್ಮ ತಲೆಗೇ ಕಟ್ಟಿದಂತೆ. ನೀವು ಕೇಳುವವರಾಗಬೇಕು. ಮಾತ್ರೆ ಇಲ್ಲವೆಂದ ದಿನ, ತಾರೀಖು ಬರೆದಿಟ್ಟು ಹತ್ತು ಹೆಂಗಸರು ಸಹಿ ಹಾಕಿ ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಡಿ. ವಸತಿಗೃಹ ಎಲ್ಲಿದೆ ಎಂದು ಕೇಳಿ. ಮಾನಸಿಕ ಕಾಯಿಲೆಗೂ 2016ರ ಕಾಯ್ದೆಯಡಿ ಅಂಗವಿಕಲರ ಗುರುತಿನ ಚೀಟಿ ಸಿಗಬಹುದು, ಅರ್ಜಿ ಹಾಕಿಸಿ. ಹೊಡೆತ ತಿಂದವಳಿಗೆ ಕಾಯಿಲೆಯಿದ್ದರೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅವಳದ್ದೇ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಎಂಬ ಈ ಸೇವೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಫೋನು ಮಾತ್ರೆ ತಂದುಕೊಡುವುದಿಲ್ಲ ಎನ್ನುವುದೂ ಗೊತ್ತಿರಲಿ.

ನನ್ನ ವಿದ್ಯಾರ್ಥಿನಿಯನ್ನು ಕಳೆದ ವರ್ಷ ನಮ್ಮ ಬಡಾವಣೆಯ ಸಂಘಕ್ಕೆ ಸೇರಿಸಿದೆವು. ಹಪ್ಪಳ ಒತ್ತುತ್ತಾಳೆ, ಕೆಲವು ವಾರ ಬರುವುದೇ ಇಲ್ಲ. ಎರಡು ತಿಂಗಳ ಉಳಿತಾಯ ಕಟ್ಟಿಲ್ಲ. ‘ನಿಯಮ ಎಲ್ಲರಿಗೂ ಒಂದೇ, ಹೆಸರು ತೆಗೆಯಿರಿ’ ಎಂದು ಹೋದ ಮಂಗಳವಾರ ಒಬ್ಬರು ಹೇಳಿದರು. ಕೆಲವರು ಹೌದೆಂದರು. ನಾನು ಈ ಸಲ ತಲೆಯಾಡಿಸಲಿಲ್ಲ. ವಿಷಯ ಮುಂದಿನ ಮಂಗಳವಾರದ ಸಭೆಗೆ ಹೋಗಿದೆ.