ಆ ಮುದುಕರ ಮನೆ

ಗೋವಿಂದರಾಜನಗರದಲ್ಲಿರುವ ನಮ್ಮ ತಂಗಿ ಕಳೆದ ತಿಂಗಳು ದೂರವಾಣಿಯಲ್ಲಿ ತನ್ನ ಸಂಕಟ ತೋಡಿಕೊಂಡಳು. ಇಂಜಿನಿಯರಿಂಗ್ ಓದುತ್ತಿರುವ ಹತ್ತೊಂಬತ್ತರ ಮಗ ಮೂರು ರಾತ್ರಿಗಳಿಂದ ಕಂಪ್ಯೂಟರಿನ ಮುಂದೆ ಕುಳಿತು ಏನೋ ಆಟವಾಡುತ್ತಾನೆ. ಎದ್ದ ಮೇಲೆ ಮಂಕಾಗಿರುತ್ತಾನೆ, ತಟ್ಟೆಯ ಮುಂದೆ ಕುಳಿತರೂ ಊಟ ಸೇರುವುದಿಲ್ಲ. ಆಟವೆಂದರೆ ಮನಸ್ಸು ಅರಳಬೇಕಲ್ಲವೇ? ನಾಲ್ಕು ಬುದ್ಧಿಮಾತು ಹೇಳಿ ಬರೋಣವೆಂದು ಹೊರಟೆವು.

ಹುಡುಗ ತಾಳ್ಮೆಯಿಂದ ಕೇಳಿಸಿಕೊಂಡು, "ಮಾವ, ನೀವೂ ಒಮ್ಮೆ ಆಡಿ ನೋಡಿ, ಆಮೇಲೆ ಬೈಯಿರಿ" ಎಂದು ಕುರ್ಚಿ ಬಿಟ್ಟುಕೊಟ್ಟನು.

ಆಟದ ಹೆಸರು ‘ದಿಸ್ ವಾರ್ ಆಫ್ ಮೈನ್’. ಪೋಲೆಂಡಿನ ಇಲೆವೆನ್ ಬಿಟ್ ಸ್ಟುಡಿಯೋಸ್ ಸಂಸ್ಥೆ 2014ರಲ್ಲಿ ಹೊರತಂದದ್ದು. 1992ರಿಂದ 1996ರವರೆಗೆ ಮುತ್ತಿಗೆಗೆ ಒಳಗಾಗಿದ್ದ ಬೋಸ್ನಿಯಾದ ಸರಾಯೆವೊ ನಗರದ ಜನರ ಪಾಡು ಇದಕ್ಕೆ ಪ್ರೇರಣೆ. ನಮ್ಮ ಕೈಗೆ ಸಿಗುವವರು ಸೈನಿಕರಲ್ಲ. ಒಬ್ಬ ಅಡುಗೆಯವನು, ಒಬ್ಬ ಫುಟ್‌ಬಾಲ್ ಆಟಗಾರ, ಒಬ್ಬಳು ಪತ್ರಕರ್ತೆ. ಹಗಲು ಹೊರಗೆ ಕಾಲಿಟ್ಟರೆ ಗುಂಡಿನ ಭಯ. ರಾತ್ರಿ ಅವರಲ್ಲೊಬ್ಬರು ಕತ್ತಲಲ್ಲಿ ಹೋಗಿ ಆಹಾರ, ಔಷಧ, ಸೌದೆ ಹುಡುಕಿ ತರಬೇಕು. ಕದನವಿರಾಮ ಎಂದು ಬರುವುದೋ ಆಡುವವನಿಗೆ ತಿಳಿಯದು.

ಆಟದ ಆರನೆಯ ದಿನಕ್ಕೆ ನಮ್ಮವರ ಬಳಿ ಹಿಡಿ ಆಹಾರವಿರಲಿಲ್ಲ. ಒಬ್ಬನಂತೂ ಕಾಯಿಲೆ ಬಿದ್ದಿದ್ದನು. ಅಂದಿನ ರಾತ್ರಿ ಹೊಕ್ಕ ಮನೆಯಲ್ಲಿ ವೃದ್ಧ ದಂಪತಿಗಳಿದ್ದರು. ಆಯುಧವಿಲ್ಲ, ಎದುರಿಸುವ ಶಕ್ತಿಯಿಲ್ಲ. ಮುದುಕ ಬೇಡಿಕೊಂಡನು. ನಾವು ಕಪಾಟು ತೆರೆದೆವು, ಫ್ರಿಜ್ ತೆರೆದೆವು, ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದೆವು. ಮೂವರ ಜೀವ ಉಳಿಯಬೇಕಲ್ಲ ಎಂದು ಮನಸ್ಸು ಲೆಕ್ಕ ಹೇಳುತ್ತಿತ್ತು. ಬೆಳಗಾದಾಗ, ಆ ಅನ್ನವನ್ನೇ ಉಂಡ ನಮ್ಮವರು ತಲೆ ತಗ್ಗಿಸಿ ಕುಳಿತುಬಿಟ್ಟರು. ಹಾಗೆ ಮನಸ್ಸು ಮುರಿದವರು ಕೊನೆಗೆ ಎಬ್ಬಿಸಿದರೂ ಏಳುವುದಿಲ್ಲವೆಂದು ಹುಡುಗ ಹೇಳಿದನು.

ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಓದಿ, 1965ರಲ್ಲಿ ತೆರೆಗೆ ಬಂದ ರಾಜಕುಮಾರರ ‘ಸತ್ಯ ಹರಿಶ್ಚಂದ್ರ’ವನ್ನು ನೋಡಿ, ಚಂದ್ರಮತಿ ಮಗನ ಶವವನ್ನು ಹೊತ್ತು ಸುಡುಗಾಡಿಗೆ ಬರುವಲ್ಲಿ ಅತ್ತವರು ನಾವು. ಆದರೆ ಅಲ್ಲಿ ಸುಂಕಕ್ಕೆ ಚಾಚಿದ ಕೈ ನಮ್ಮದಾಗಿರಲಿಲ್ಲ. ಕಣ್ಣೊರೆಸಿಕೊಂಡು ಮನೆಗೆ ಬಂದು ಉಂಡು ಮಲಗಿದ್ದೆವು. ಇಲ್ಲಿ ಚೀಲ ತುಂಬಿದ್ದು ನಮ್ಮ ಬೆರಳೇ. ಹುಡುಗನಿಗೆ ಅನ್ನ ಏಕೆ ಸೇರಲಿಲ್ಲವೆಂಬುದು ಆಗ ತಿಳಿಯಿತು; ಹೇಳಲೆಂದು ತಂದಿದ್ದ ಬುದ್ಧಿಮಾತು ಗಂಟಲಲ್ಲೇ ಉಳಿಯಿತು.

2020ರಲ್ಲಿ ಪೋಲೆಂಡ್ ಸರ್ಕಾರ ಈ ಆಟವನ್ನು ಶಾಲೆಗಳ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು, ಅದೂ ಹದಿನೆಂಟು ತುಂಬಿದವರಿಗೆ ಮಾತ್ರ. ಆ ಮಿತಿ ನಮಗೂ ಯೋಗ್ಯವೆನಿಸುತ್ತದೆ. ಎಳೆಯ ಮಕ್ಕಳ ಕೈಗೆ ಕೊಡುವ ವಸ್ತುವಲ್ಲ ಇದು. ಬೆಳೆದವನಾದರೂ ನಡುರಾತ್ರಿಯವರೆಗೆ ಒಬ್ಬನೇ ಕುಳಿತು ಆಡುವುದನ್ನು ನಾವು ಒಪ್ಪೆವು. ಅಷ್ಟನ್ನು ಹೇಳಿದೆವು, ಹುಡುಗನೂ ಒಪ್ಪಿದನು.

ತಂಗಿ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಣ್ಣಾ, ಆ ಅಜ್ಜಿಗೆ ಒಂದು ಹೊತ್ತಿಗಾದರೂ ಏನಾದರೂ ಬಿಟ್ಟು ಬಂದೆಯಾ?" ಎಂದು ಕೇಳಿದಳು.

ನಾವು ಸುಮ್ಮನಿದ್ದೆವು. "ಮೊದಲ ಸಲ ನಾನೂ ಬಿಟ್ಟು ಬರಲಿಲ್ಲಮ್ಮ" ಎಂದನು ಹುಡುಗ.