ಚಿತ್ರ ಬರೆದಿದ್ದೆ, ಗಿಡ ಗೊತ್ತಿರಲಿಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಗಿಡ ತಾನಾಗಿಯೇ ಹುಟ್ಟಿತ್ತು. ಮೊಣಕಾಲೆತ್ತರ, ಮೆಣಸಿನ ಗಿಡದಂಥ ಎಲೆ, ಪುಟ್ಟ ಬಿಳಿ ಹೂ. ಗೊಂಚಲು ಗೊಂಚಲಾಗಿ ಹಸಿರು ಕಾಯಿ, ಮಾಗಿದವು ಕಡುಗಪ್ಪು. ಒಂದು ಭಾನುವಾರ ಅಕ್ಕನ ಮೂರು ವರ್ಷದ ಮಗ ನಾಲಿಗೆಯೆಲ್ಲ ನೇರಳೆ ಮಾಡಿಕೊಂಡು ಒಳಗೆ ಬಂದ.

ನಾನು ಓಡಿಹೋಗಿ ಗಿಡದ ಫೋಟೊ ತೆಗೆದೆ. ಆ್ಯಪ್ ‘ನೈಟ್‌ಶೇಡ್’ ಎಂದಿತು. ಹುಡುಕಿದರೆ ಮೊದಲು ಬಂದದ್ದೇ ‘ಡೆಡ್ಲಿ ನೈಟ್‌ಶೇಡ್’, ಪ್ರಾಣ ತೆಗೆಯುವ ವಿಷ! ಅಕ್ಕ ಅಳತೊಡಗಿದಳು. ಭಾವ ಬೈಕ್ ಕೀ ಹುಡುಕಿದರು. ನಾನು ಗಿಡವನ್ನು ಬುಡಸಮೇತ ಕಿತ್ತು ಕೈಲಿ ಹಿಡಿದೆ.

ಬಾಗಿಲಲ್ಲಿ ಅಜ್ಜಿ ತಡೆದರು. ‘ಇದು ಗಣಿಕೆ ಸೊಪ್ಪು ಕಣೇ. ನಿಮ್ಮಪ್ಪನಿಗೆ ಬಾಯಿಹುಣ್ಣಾದಾಗೆಲ್ಲ ಇದರದೇ ಪಲ್ಯ ಮಾಡ್ತಿದ್ದೆ. ಕಪ್ಪು ಹಣ್ಣು ನಾವೂ ತಿಂದೋರೇ. ಹಸಿರು ಕಾಯಿ ತಿಂದಿದಾನಾ, ಅದನ್ನ ನೋಡು’ ಅಂದರು. ಆದರೂ ಆಸ್ಪತ್ರೆಗೆ ಹೋದೆವು. ಗಿಡ ತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಸ್ವಲ್ಪ ಹೊತ್ತು ಕೂರಿಸಿಕೊಂಡು ನೋಡಿ ಕಳಿಸಿದರು. ಮಗುವಿಗೆ ಏನೂ ಆಗಲಿಲ್ಲ.

ರಾತ್ರಿ ಕೂತು ಓದಿದೆ. ಅಜ್ಜಿಯ ಪ್ರಶ್ನೆಯಲ್ಲಿ ಅರ್ಥವಿತ್ತು: ಗಣಿಕೆಯ ಹಸಿರು ಕಾಯಿಯಲ್ಲಿ ಸೊಲನಿನ್ ಎಂಬ ವಿಷಾಂಶವಿರುತ್ತದೆ. ಆ್ಯಪ್ ಹೇಳಿದ ಹೆಸರೂ ಪೂರ್ತಿ ಸುಳ್ಳಲ್ಲ, ಗಣಿಕೆಗೆ ಇಂಗ್ಲಿಷಿನಲ್ಲಿ ‘ಬ್ಲ್ಯಾಕ್ ನೈಟ್‌ಶೇಡ್’ ಎನ್ನುತ್ತಾರೆ. ‘ಡೆಡ್ಲಿ’ ಎನ್ನುವುದು ಬೆಲ್ಲಡೋನ, ಯುರೋಪ್ ಕಡೆಯ ಗಿಡ. ಅದರ ಹೂ ಗಂಟೆಯಾಕಾರದ್ದು, ಮಾಸಲು ನೇರಳೆ ಬಣ್ಣ, ಹಣ್ಣು ಒಂಟೊಂಟಿ. ಗಣಿಕೆಯದು ನಕ್ಷತ್ರದಂಥ ಬಿಳಿ ಹೂ, ಗೊಂಚಲು ಹಣ್ಣು. ಎರಡೂ ಬದನೆ, ಟೊಮೆಟೊ, ಆಲೂಗಡ್ಡೆಯ ಕುಟುಂಬದವೇ.

ನಾಚಿಕೆಯಾದದ್ದು ಆಮೇಲೆ. ನಾನು ಓದಿದ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಸೊಲನೇಸಿ ಕುಟುಂಬಕ್ಕೆ ಕೊಟ್ಟಿದ್ದ ಚಿತ್ರ ಇದೇ ಗಿಡದ್ದು: ಸೊಲನಂ ನೈಗ್ರಮ್. ಹೂವಿನ ಸೂತ್ರ ಬಾಯಿಪಾಠ ಮಾಡಿ, ಚಿತ್ರ ಬರೆದು ಅಂಕ ಗಿಟ್ಟಿಸಿದವಳು ನಾನು. ಹಿತ್ತಲಲ್ಲಿ ಎದುರಿಗೇ ಬಂದು ನಿಂತಾಗ ಗುರುತು ಸಿಗಲಿಲ್ಲ. ಪುಸ್ತಕದಲ್ಲಿ ಅದರ ಹಿಂದಿ ಹೆಸರು ‘ಮಕೋಯ್’ ಇತ್ತು, ‘ಗಣಿಕೆ’ ಇರಲಿಲ್ಲ. ಆ ಹೆಸರು ಅಜ್ಜಿಯ ಬಳಿ ಮಾತ್ರ ಇತ್ತು, ನಾನು ಕೇಳಿರಲಿಲ್ಲ.

ಆ್ಯಪ್ ಬೇಡವೆನ್ನುತ್ತಿಲ್ಲ, ಹಿರಿಯರು ಹೇಳಿದ್ದೆಲ್ಲ ಸರಿ ಎಂದೂ ಅಲ್ಲ. ಎಲೆ, ಹೂ, ಕಾಯಿ ಮೂರನ್ನೂ ನೋಡೋಣ. ಆ್ಯಪ್ ಹೇಳಿದ ಹೆಸರನ್ನು ಬಲ್ಲವರೊಬ್ಬರ ಬಳಿ ಕೇಳಿ ಖಚಿತ ಮಾಡಿಕೊಳ್ಳೋಣ. ಅಲ್ಲಿಯವರೆಗೆ ಬಾಯಿಗಿಡುವುದು ಬೇಡ. ಮಗು ಏನಾದರೂ ತಿಂದಿದ್ದರೆ ಕಾಯಿಸಮೇತ ಒಂದು ರೆಂಬೆ ಹಿಡಿದು ಆಸ್ಪತ್ರೆಗೆ ಹೋಗೋಣ. ಕುಂಡದಲ್ಲಿ ದುಡ್ಡು ಕೊಟ್ಟು ತಂದಿಟ್ಟ ಗಿಡಗಳ ಹೆಸರೆಲ್ಲ ನಮಗೆ ಗೊತ್ತು. ತಾನಾಗಿ ಬಂದದ್ದನ್ನು ಮಾತ್ರ ‘ಕಳೆ’ ಎಂದು ಕಿತ್ತೆಸೆಯುತ್ತೇವೆ.

ಈಗ ಕಲ್ಲಿನ ಪಕ್ಕ ಮತ್ತೆ ನಾಲ್ಕು ಸಸಿ ಎದ್ದಿವೆ. ಸೊಪ್ಪು ಬಲಿಯುವ ಮೊದಲೇ ಕೊಯ್ಯಬೇಕಂತೆ, ಅಜ್ಜಿ ದಿನಾ ಹೋಗಿ ನೋಡಿ ಬರುತ್ತಾರೆ. ಅವರ ಹಿಂದೆ ನಾನೂ ಹೋಗುತ್ತೇನೆ, ಪಕ್ಕದ ಗಿಡಗಳ ಹೆಸರು ಕೇಳಲು.